ಅಂಗಡಿಯಲ್ಲಿ ಬರೋ ಲೆಕ್ಕ ಸ್ಲೇಟಿನ ಮೇಲೆ ಯಾಕೆ ಬರಲ್ಲ? ಚಿಕ್ಕ ಮಕ್ಕಳಿಗೆ ಬೇಕು ಮನೆಯವರ ಅರ್ಧ ಗಂಟೆ

ಎಚ್.ಡಿ. ಕೋಟೆ: ಹನ್ನೆರಡು ರೂಪಾಯಿ ಸಾಮಾನಿಗೆ ಗಿರಾಕಿ ಇಪ್ಪತ್ತರ ನೋಟು ಕೊಟ್ಟರೆ, ಗಲ್ಲಾಪೆಟ್ಟಿಗೆ ಪಕ್ಕ ನಿಂತ ಎರಡನೇ ಕ್ಲಾಸಿನ ಹುಡುಗ ಎಂಟು ರೂಪಾಯಿ ಎಣಿಸಿ ಕೈಗಿಡುತ್ತಾನೆ. ಅದೇ ಹುಡುಗನಿಗೆ ಸ್ಲೇಟಿನ ಮೇಲೆ 20 - 12 ಅಂತ ಬರೆದುಕೊಟ್ಟರೆ ಬಳಪ ಹಿಡಿದು ಸುಮ್ಮನೆ ಕೂರುತ್ತಾನೆ. ‘ಅಂಗಡೀಲಿ ಚುರುಕು, ಓದಲ್ಲಿ ಮಾತ್ರ ದಡ್ಡ’ ಅಂತ ಮನೆಯವರು ತೀರ್ಮಾನ ಮಾಡಿಬಿಡುತ್ತಾರೆ. ಆ ತೀರ್ಮಾನವೇ ತಪ್ಪು.

2025ರ ಫೆಬ್ರುವರಿಯಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಇದನ್ನೇ ಹೇಳುತ್ತದೆ. ನೊಬೆಲ್ ಪುರಸ್ಕೃತರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತವರ ತಂಡ ದೆಹಲಿ, ಕೋಲ್ಕತ್ತದ ಮಾರುಕಟ್ಟೆಗಳಲ್ಲಿ ದುಡಿಯುವ 1,400ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿತ್ತು. ವ್ಯಾಪಾರದ ಲೆಕ್ಕ ಬಾಯಲ್ಲೇ ಮಾಡುವ ಮಕ್ಕಳು ಪುಸ್ತಕದ ಲೆಕ್ಕದಲ್ಲಿ ತಡವರಿಸಿದರು. ಪುಸ್ತಕದ ಲೆಕ್ಕ ಬರುವ ಶಾಲಾ ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ಸೋತರು. ಎರಡೂ ಕಡೆ ಬುದ್ಧಿಗೆ ಕೊರತೆ ಇರಲಿಲ್ಲ. ಇಲ್ಲದ್ದು ಒಂದರಿಂದ ಇನ್ನೊಂದಕ್ಕೆ ದಾಟುವ ಸೇತುವೆ.

ಹೋಂವರ್ಕ್ ಇಲ್ಲ, ಹಾಗಾದ್ರೆ ಏನು?

1 ಮತ್ತು 2ನೇ ತರಗತಿಗೆ ಹೋಂವರ್ಕ್ ಕೊಡಬಾರದು ಎಂದು ರಾಜ್ಯ ಶಿಕ್ಷಣ ಇಲಾಖೆ 2019ರಲ್ಲೇ, ಬ್ಯಾಗ್ ತೂಕಕ್ಕೆ ಮಿತಿ ಹಾಕಿದಾಗ ಹೇಳಿದೆ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯಲ್ಲೂ ಅದೇ ಇದೆ. ಆದರೂ ‘ಬರೆಯಕ್ಕೆ ಏನೂ ಕೊಟ್ಟಿಲ್ವಾ?’ ಅಂತ ಮಗುವನ್ನು ಕೇಳುವುದು ನಿಂತಿಲ್ಲ. ದುಡ್ಡಿದ್ದವರು ಟ್ಯೂಷನ್‌ಗೆ ಕಳಿಸುತ್ತಾರೆ. ಇಲ್ಲದವರು ‘ಮೇಷ್ಟ್ರು ನೋಡ್ಕೊತಾರೆ ಬಿಡಿ’ ಅನ್ನುತ್ತಾರೆ.

ಇತ್ತ ಹೊತ್ತು ಕಾಯುವುದಿಲ್ಲ. 2024ರ ‘ಅಸರ್’ ವರದಿ ಪ್ರಕಾರ, ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ 3ನೇ ತರಗತಿ ಮಕ್ಕಳಲ್ಲಿ 2ನೇ ತರಗತಿಯ ಪಾಠ ಓದಬಲ್ಲವರು ಶೇ 23.4 ಮಾತ್ರ. 2022ರಲ್ಲಿ ಇದು ಶೇ 16.3 ಇತ್ತು. ಸುಧಾರಿಸಿದೆ ನಿಜ, ಆದರೂ ನಾಲ್ವರಲ್ಲಿ ಮೂವರು ಹಿಂದೆಯೇ ಇದ್ದಾರೆ. 3ನೇ ತರಗತಿ ಮುಗಿಸುವಷ್ಟರಲ್ಲಿ ಎಲ್ಲ ಮಕ್ಕಳಿಗೂ ಓದು, ಲೆಕ್ಕ ಬರಬೇಕು ಎಂದು ‘ನಿಪುಣ್ ಭಾರತ್’ ಯೋಜನೆ ಹಾಕಿಕೊಂಡ ಗಡುವು 2026-27.

ನೋಟು ಮುರಿಸಿದರೆ ಪಾಠ

ಸೇತುವೆ ಕಟ್ಟೋಕೆ ದುಬಾರಿ ಆಟಿಕೆ, ಆ್ಯಪ್ ಏನೂ ಬೇಡ. 35 - 17 ಲೆಕ್ಕ ತಗೊಳ್ಳಿ. ಮಗುವಿನ ಮುಂದೆ ಹತ್ತರ ಮೂರು ನೋಟು, ಒಂದು ರೂಪಾಯಿಯ ಐದು ನಾಣ್ಯ ಇಡಿ. ‘ಹದಿನೇಳು ಕೊಡು’ ಅನ್ನಿ. ಏಳು ನಾಣ್ಯ ಇಲ್ಲ, ಹಾಗಾಗಿ ಒಂದು ನೋಟು ಮುರಿಸಲೇಬೇಕು. ಈಗ ಹದಿನೈದು ನಾಣ್ಯ, ಎರಡು ನೋಟು. ಏಳು ನಾಣ್ಯ, ಒಂದು ನೋಟು ಕೊಟ್ಟ ಮೇಲೆ ಉಳಿಯುವುದು 18. ಶಾಲೆಯಲ್ಲಿ ‘ದಶಕ ತೆಗೆದುಕೊಳ್ಳುವುದು’ ಅಂದರೆ ಇಷ್ಟೇ. ಆಮೇಲೆ ಅದನ್ನೇ ರಟ್ಟಿನ ಚೂರಿನ ಮೇಲೆ ಅಂಕಿಯಲ್ಲಿ ಬರೆಸಿ. ಬಾಯಿ ಲೆಕ್ಕ ಕಾಗದಕ್ಕೆ ಇಳಿಯುವುದು ಈ ಹಂತದಲ್ಲಿ. ಹೆಚ್ಚಿನ ಮನೆಗಳಲ್ಲಿ ಬಿಟ್ಟುಹೋಗುವುದೂ ಇದೇ.

ಓದಿಗೂ ಹೀಗೇ. ಕನ್ನಡ ಕಲಿಯುವ ಮಗು ಮುಗ್ಗರಿಸುವುದು ಒತ್ತಕ್ಷರದಲ್ಲಿ. ಅಡುಗೆಮನೆ ತುಂಬ ಇರುವುದು ಅದೇ: ಅಕ್ಕಿ, ಬೆಲ್ಲ, ಉಪ್ಪು, ಎಣ್ಣೆ, ಸಕ್ಕರೆ, ಬೆಣ್ಣೆ. ಸಾಮಾನಿನ ಚೀಟಿಯನ್ನು ಮಗುವಿನ ಕೈಲೇ ಬರೆಸಿ, ಅಂಗಡಿಯವರ ಮುಂದೆ ಅದರ ಕೈಲೇ ಓದಿಸಿ. ತಪ್ಪಿದರೆ ಬೈಯದೆ, ಆ ಪೊಟ್ಟಣ ತೋರಿಸಿ ಮತ್ತೊಮ್ಮೆ ಓದಿಸಿದರೆ ಸಾಕು.

ಓದು ಬಾರದ ಅಪ್ಪ-ಅವ್ವನ ಕೈಯಲ್ಲೂ ಇದು ಆಗುವಂಥದ್ದು. ಅಜ್ಜಿ ಹೇಳಿದ ಕಥೆಯನ್ನು ಮಗು ತಿರುಗಿ ಹೇಳಿದರೆ ಮಾತು ಬೆಳೆಯುತ್ತದೆ. ಕವಡೆ ಎಸೆದು ಚೌಕಾಬಾರ ಆಡಿದರೆ ಎಣಿಕೆ ಪಳಗುತ್ತದೆ.

ಕೋಟೆಗೆ ಇದು ಹೊಸದಲ್ಲ. ಆಡುತ್ತಾ ಕಲಿಸುವ ‘ನಲಿ-ಕಲಿ’ 1995ರಲ್ಲಿ ಶುರುವಾಗಿದ್ದು ಇದೇ ತಾಲೂಕಿನ ಶಾಲೆಗಳಲ್ಲಿ. ಇಲ್ಲಿಂದ ಹೊರಟ ಪದ್ಧತಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳನ್ನೆಲ್ಲ ಮುಟ್ಟಿತು. ಶಾಲೆ ಕಲಿತ ಆ ಪಾಠವನ್ನು ಮನೆಗಳು ಕಲಿಯುವುದು ಬಾಕಿ ಇದೆ.

ವ್ಯಾಪಾರಿಗಳಿಗೆ ಎರಡು ಮಾತು

ಮೊದಲನೆಯದು ಕಾನೂನು. 14 ವರ್ಷದೊಳಗಿನ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಅಪಾಯವಿಲ್ಲದ ಮನೆಯ ವ್ಯಾಪಾರದಲ್ಲಿ, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಕೈಜೋಡಿಸಲು ಮಾತ್ರ 2016ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಅರ್ಧ ಗಂಟೆಯ ಕಲಿಕೆ ಅಂತ ಶುರುವಾಗಿದ್ದು ಮೂರು ಗಂಟೆಯ ಗಲ್ಲಾ ಕಾವಲು ಆಗಬಾರದು.

ಎರಡನೆಯದು ಫೋನ್‌ಪೇ, ಗೂಗಲ್‌ಪೇ. ಸ್ಕ್ಯಾನ್ ಮಾಡಿದ ತಕ್ಷಣ ಡಬ್ಬಿ ‘ಇಷ್ಟು ರೂಪಾಯಿ ಬಂದಿದೆ’ ಎಂದು ಕೂಗುತ್ತದೆ. ಚಿಲ್ಲರೆ ಕೊಡುವ ಪ್ರಮೇಯವೇ ಇಲ್ಲ. ದೊಡ್ಡವರಿಗೆ ಅನುಕೂಲ, ಆದರೆ ಮಕ್ಕಳು ಕಣ್ಣಾರೆ ಕಂಡು ಕಲಿಯುತ್ತಿದ್ದ ಕಳೆಯುವ ಲೆಕ್ಕ ಕೌಂಟರ್‌ನಿಂದ ಮೆಲ್ಲಗೆ ಮಾಯವಾಗುತ್ತಿದೆ. ಹಾಗಾಗಿ ತಾನಾಗೇ ಸಿಗುತ್ತಿದ್ದ ಪಾಠವನ್ನು ಇನ್ನು ಬೇಕಂತಲೇ ಹೇಳಿಕೊಡಬೇಕು.

ಸಂಜೆ ವ್ಯಾಪಾರದ ಹೊತ್ತು, ಮಗುವಿನ ಜತೆ ಕೂರಲು ಪುರುಸೊತ್ತೆಲ್ಲಿ ಅನ್ನುವುದೂ ಸರಿಯೇ. ಗಿರಾಕಿ ಕಡಿಮೆ ಆದಾಗ ನಾಣ್ಯಗಳನ್ನು ಹತ್ತತ್ತರ ಗುಡ್ಡೆ ಮಾಡಿಸಿ, ಎಷ್ಟಾಯಿತು ಎಂದು ಬರೆಸಬಹುದು. ಮಗುವಿಗೆ ಬೇಜಾರು ಬಂದರೆ ಅಲ್ಲಿಗೇ ನಿಲ್ಲಿಸಬೇಕು.

ಮನೆಯಲ್ಲಿ ಕಲಿಸುತ್ತಾರೆ ಅಂದಮಾತ್ರಕ್ಕೆ ಶಾಲೆಯ ಹೊಣೆ ಕಡಿಮೆ ಆಗುವುದಿಲ್ಲ. ಶಿಕ್ಷಕರನ್ನು, ಕೊಠಡಿಯನ್ನು ಕೊಡಬೇಕಾದ್ದು ಸರ್ಕಾರವೇ. ಆದರೆ ಚಿಲ್ಲರೆ ಸರಿಯಾಗಿ ಕೊಡುವ ಮಗುವನ್ನು ದಡ್ಡ ಅನ್ನುವ ಮುಂಚೆ, ಆ ಚಿಲ್ಲರೆಯನ್ನು ಒಮ್ಮೆ ಕಾಗದದ ಮೇಲೆ ಬರೆಸಿ ನೋಡುವುದು ಮನೆಯವರ ಕೈಲೇ ಇದೆ.