ನಗೆಚಿತ್ರಗಳಲ್ಲಿ ಸ್ಮಾರ್ಟ್‌ಫೋನು

ತಪ್ಪು ತಿಳಿವಳಿಕೆಯು ಹಾಸ್ಯದ ಹಳೆಯ ಬಂಡವಾಳ. ಒಬ್ಬರನ್ನು ಇನ್ನೊಬ್ಬರೆಂದು ಭ್ರಮಿಸುವುದು, ಒಬ್ಬರಿಗೆ ಬರೆದ ಓಲೆ ಮತ್ತೊಬ್ಬರ ಕೈಸೇರುವುದು, ಹೇಳಬೇಕಾದ ಮಾತು ಸಕಾಲದಲ್ಲಿ ತಲಪದಿರುವುದು – ಇಂತಹ ಪ್ರಸಂಗಗಳಿಂದ ನಾಟಕಕಾರರು ಶತಮಾನಗಳ ಕಾಲ ನಗೆಯನ್ನು ಉಕ್ಕಿಸಿದ್ದಾರೆ. ಷೇಕ್ಸ್‌ಪಿಯರನ ‘ದಿ ಕಾಮೆಡಿ ಆಫ್ ಎರರ್ಸ್’ ನಾಟಕದಲ್ಲಿ ಎರಡು ಜೋಡಿ ಅವಳಿಗಳು ಒಂದೇ ಊರಿನಲ್ಲಿದ್ದು, ಒಬ್ಬರ ಇರವು ಇನ್ನೊಬ್ಬರಿಗೆ ತಿಳಿಯದೆ ನಾನಾ ಅವಾಂತರಗಳಾಗುತ್ತವೆ. 1997ರಲ್ಲಿ ಎನ್.ಎಸ್. ಶಂಕರ್ ಅವರು ನಿರ್ದೇಶಿಸಿದ ‘ಉಲ್ಟಾ ಪಲ್ಟಾ’ ಎಂಬ ಕನ್ನಡ ಚಿತ್ರಕ್ಕೂ ಈ ನಾಟಕವೇ ಆಧಾರ.

ಆ ನಾಟಕದ ಮಡದಿಯು ಗಂಡನಿಗೆ ಫೋನಿನಲ್ಲಿ ಒಂದು ಕರೆ ಮಾಡುವಂತಿದ್ದರೆ ಗೊಂದಲವೆಲ್ಲ ಕ್ಷಣದಲ್ಲಿ ಬಯಲಾಗುತ್ತಿತ್ತು. ಆದುದರಿಂದ ಈ ಉಪಕರಣವು ಹಾಸ್ಯದ ಶತ್ರುವೆಂದು ಯಾರಿಗಾದರೂ ತೋರಬಹುದು. ಆದರೆ ಚಿತ್ರನಿರ್ಮಾಪಕರು ಅದರಲ್ಲಿಯೇ ನಗೆಯ ಹೊಸ ಸೆಲೆಯೊಂದನ್ನು ಕಂಡುಕೊಂಡರು. ಹಳೆಯ ಹಾಸ್ಯವು ತಿಳಿಯದಿರುವುದರಿಂದ ಹುಟ್ಟುತ್ತಿತ್ತು. ಹೊಸ ಹಾಸ್ಯವು ತಿಳಿಯಬಾರದ್ದು ತಿಳಿದುಬಿಡುವುದರಿಂದ ಹುಟ್ಟುತ್ತದೆ.

ಇದಕ್ಕೆ ಉತ್ತಮ ನಿದರ್ಶನ 2016ರಲ್ಲಿ ಪಾವ್ಲೊ ಜೆನೊವೇಸೆ ನಿರ್ದೇಶಿಸಿದ ಇಟಲಿಯ ಚಿತ್ರ. ‘ಸಂಪೂರ್ಣ ಅಪರಿಚಿತರು’ ಎಂಬುದು ಅದರ ಹೆಸರಿನ ಅರ್ಥ. ರೋಮ್ ನಗರದ ಒಂದು ಮನೆಯಲ್ಲಿ, ಚಂದ್ರಗ್ರಹಣದ ರಾತ್ರಿ, ಏಳು ಮಂದಿ ಸ್ನೇಹಿತರು ಊಟಕ್ಕೆ ಸೇರುತ್ತಾರೆ. ಮನೆಯೊಡತಿಯು ಒಂದು ಆಟವನ್ನು ಸೂಚಿಸುತ್ತಾಳೆ. ಎಲ್ಲರೂ ತಮ್ಮ ಫೋನುಗಳನ್ನು ಮೇಜಿನ ಮೇಲಿಡಬೇಕು. ಬಂದ ಸಂದೇಶವನ್ನು ಎಲ್ಲರೆದುರು ಓದಬೇಕು. ಬಂದ ಕರೆಯನ್ನು ಎಲ್ಲರಿಗೂ ಕೇಳಿಸಬೇಕು. ಮೊದಮೊದಲು ನಗೆ ಉಕ್ಕುತ್ತದೆ. ಬರಬರುತ್ತ ಒಬ್ಬೊಬ್ಬರ ಮುಖವೂ ಬಾಡುತ್ತದೆ. ಒಂದೇ ಬಗೆಯ ಫೋನು ಹೊಂದಿದ್ದ ಇಬ್ಬರು ಗೆಳೆಯರು ಅವುಗಳನ್ನು ಅದಲುಬದಲು ಮಾಡಿಕೊಂಡು, ಒಬ್ಬನಿಗೆ ಬಂದ ಸಂದೇಶದ ಹೊಣೆ ಇನ್ನೊಬ್ಬನ ತಲೆಗೆ ಬರುತ್ತದೆ. ಹಳೆಯ ನಾಟಕದ ಅವಳಿ ಮನುಷ್ಯರ ಸ್ಥಾನದಲ್ಲಿ ಇಲ್ಲಿ ಅವಳಿ ಫೋನುಗಳಿವೆ!

ಈ ಕಥೆ ದೇಶದೇಶಗಳಲ್ಲಿ ಮರುಹುಟ್ಟು ಪಡೆಯಿತು. ಅತಿ ಹೆಚ್ಚು ಬಾರಿ ಪುನರ್ನಿರ್ಮಾಣಗೊಂಡ ಚಿತ್ರವೆಂದು 2019ರಲ್ಲಿ ಗಿನ್ನೆಸ್ ದಾಖಲೆಯನ್ನು ಸೇರಿತು. ಆ ವೇಳೆಗೆ ಅದರ ಹದಿನೆಂಟು ರೂಪಗಳು ಬಂದಿದ್ದವು. 2024ರಲ್ಲಿ ಹಿಂದಿಯ ‘ಖೇಲ್ ಖೇಲ್ ಮೇ’ ಚಿತ್ರವೂ ಇದೇ ಕಥೆಯನ್ನು ಹೇಳಿತು. 2022ರಲ್ಲಿ ತೆರೆಕಂಡ, ಪ್ರದೀಪ್ ರಂಗನಾಥನ್ ಅವರ ತಮಿಳು ಚಿತ್ರ ‘ಲವ್ ಟುಡೇ’ಯ ಕಥೆ ಬೇರೆಯಾದರೂ ಪರೀಕ್ಷೆ ಅದೇ ಬಗೆಯದು. ಮದುವೆಯಾಗಬಯಸಿದ ತರುಣ ತರುಣಿಯರು ಒಂದು ದಿನದ ಮಟ್ಟಿಗೆ ಪರಸ್ಪರ ಫೋನುಗಳನ್ನು ಬದಲಿಸಿಕೊಳ್ಳಬೇಕೆಂದು ಹುಡುಗಿಯ ತಂದೆ ಷರತ್ತು ಹಾಕುತ್ತಾನೆ. ಭಾಷೆ ಯಾವುದಾದರೇನು? ಫೋನು ತೆರೆದೊಡನೆ ಎದೆ ಹೊಡೆದುಕೊಳ್ಳುವ ಪರಿ ಎಲ್ಲ ನಾಡುಗಳಲ್ಲಿಯೂ ಒಂದೇ.

ಈ ಚಿತ್ರಗಳು ಕಪಟವನ್ನು ಬಯಲಿಗೆಳೆಯುತ್ತವೆ. ಅದು ಮೆಚ್ಚತಕ್ಕ ವಿಷಯವೇ. ಆದರೆ ಇವುಗಳನ್ನು ನೋಡಿದವರಲ್ಲಿ ಕೆಲವರು, “ತಪ್ಪು ಮಾಡದವನಿಗೆ ಭಯವೇಕೆ? ಫೋನನ್ನು ತೋರಿಸಿಬಿಡಲಿ” ಎನ್ನುವುದುಂಟು. ಈ ಮಾತು ಮೇಲುನೋಟಕ್ಕೆ ನ್ಯಾಯವಾಗಿ ಕಂಡರೂ ವಿಚಾರಿಸಿದರೆ ನಿಲ್ಲುವುದಿಲ್ಲ. ಮುಚ್ಚಿಟ್ಟದ್ದೆಲ್ಲ ಮೋಸವಲ್ಲ. ಮೋಸವು ಇನ್ನೊಬ್ಬರಿಗೆ ಕೇಡು ಬಗೆಯುತ್ತದೆ. ಗುಟ್ಟು ಎಷ್ಟೋ ವೇಳೆ ಒಂದು ಮನಸ್ಸಿನ ನೋವನ್ನೋ ಇನ್ನೊಬ್ಬರು ಇಟ್ಟ ನಂಬಿಕೆಯನ್ನೋ ಕಾಪಾಡುತ್ತದೆ.

ಈ ಮಾತಿಗೆ ಅದೇ ಚಿತ್ರಗಳಲ್ಲಿಯೇ ಆಧಾರವಿದೆ. ಇಟಲಿಯ ಚಿತ್ರದಲ್ಲಿ ಮನೆಯೊಡೆಯನಿಗೆ ಅವನ ಮಗಳು ಕರೆ ಮಾಡುತ್ತಾಳೆ. ತನ್ನ ಬಾಳಿನ ಸೂಕ್ಷ್ಮ ವಿಷಯವೊಂದರಲ್ಲಿ ತಂದೆಯ ಸಲಹೆಯನ್ನು ಕೇಳುತ್ತಾಳೆ. ಆ ಮಾತು ಇಡೀ ಮೇಜಿಗೆ ಕೇಳಿಸುತ್ತಿದೆಯೆಂಬುದು ಅವಳಿಗೆ ತಿಳಿಯದು. ತಂದೆಯ ಉತ್ತರದಲ್ಲಿ ವಿವೇಕವಿದೆ, ವಾತ್ಸಲ್ಯವಿದೆ. ಯಾರ ತಪ್ಪೂ ಅಲ್ಲಿ ಹೊರಬೀಳುವುದಿಲ್ಲ. ಆದರೂ ಒಬ್ಬನನ್ನೇ ನಂಬಿ ಆಡಿದ ಮಾತು ಏಳು ಮಂದಿಯ ಪಾಲಾಯಿತು. ಗೋಡೆಗೂ ಕಿವಿಯುಂಟು ಎಂಬ ಗಾದೆ ಇಲ್ಲಿ ಮೇಜಿಗೂ ಸಲ್ಲುತ್ತದೆ. ತಮಿಳು ಚಿತ್ರದಲ್ಲಿ ಮದುವೆ ನಿಶ್ಚಯವಾದ ಒಬ್ಬಾತ ತನ್ನ ಫೋನನ್ನು ಯಾರ ಕೈಗೂ ಕೊಡನು. ಎಲ್ಲರೂ ಅವನನ್ನು ಸಂಶಯಿಸುತ್ತಾರೆ. ಕೊನೆಗೆ ತಿಳಿದುಬರುವುದೇನು? ತನ್ನ ರೂಪವನ್ನು ಕುರಿತು ಇತರರು ಮಾಡಿದ ಅಪಹಾಸ್ಯವನ್ನು ಆತ ಮರೆಮಾಡಿಕೊಂಡಿದ್ದ! ಅಲ್ಲಿಯವರೆಗೆ ನಗುತ್ತಿದ್ದ ಪ್ರೇಕ್ಷಕನ ನಗೆ ಅಲ್ಲಿಗೆ ನಿಲ್ಲುತ್ತದೆ.

ಫೋನಿನಲ್ಲಿರುವುದೆಲ್ಲ ಅದರ ಒಡೆಯನೊಬ್ಬನ ಸೊತ್ತಲ್ಲ. ಪ್ರತಿಯೊಂದು ಸಂದೇಶದಲ್ಲಿಯೂ ಅದನ್ನು ಬರೆದವರ ಪಾಲಿದೆ. ಗೆಳೆಯನು ತೋಡಿಕೊಂಡ ದುಃಖವನ್ನು ಸಹಪಾಠಿಗಳ ಮುಂದೆ ಓದಿ ನಗಿಸುವವನು ತನ್ನ ಫೋನನ್ನೇ ತೆರೆದಿರಬಹುದು. ಆದರೆ ಹಂಚಿದ್ದು ಪರರ ಗುಟ್ಟನ್ನು.

ಇಟಲಿಯ ಚಿತ್ರದ ಕೊನೆಯಲ್ಲಿ ಗ್ರಹಣ ಬಿಡುತ್ತದೆ. ಆ ಆಟ ನಡೆಯಲೇ ಇಲ್ಲವೆಂಬಂತೆ ಸ್ನೇಹಿತರು ನಗುನಗುತ್ತ ಮನೆಗೆ ಮರಳುತ್ತಾರೆ. ಅವರೊಡನೆ ಅವರ ಸುಳ್ಳುಗಳೂ ಮರಳುತ್ತವೆ. ಆಟ ನಡೆದಿದ್ದರೆ ಸ್ನೇಹ ಮುರಿಯುತ್ತಿತ್ತು. ನಡೆಯದಿದ್ದುದರಿಂದ ಮೋಸ ಉಳಿಯಿತು. ಇವೆರಡಕ್ಕಿಂತಲೂ ಮೇಲಾದ ದಾರಿಯೊಂದುಂಟು. ಹೇಳಲೇಬೇಕಾದುದನ್ನು, ಫೋನು ಹೇಳುವ ಮೊದಲೇ, ಮನುಷ್ಯನು ತನ್ನ ಬಾಯಿಂದ ತಾನೇ ಹೇಳುವುದು. ಹಾಗೆ ಹೇಳುವ ಧೈರ್ಯವೂ, ಇನ್ನೊಬ್ಬರು ಹೇಳದೆ ಉಳಿಸಿಕೊಂಡುದನ್ನು ಕೆದಕದಿರುವ ಸೌಜನ್ಯವೂ ಇರುವಲ್ಲಿ ಅಂತಹ ಆಟದ ಅವಶ್ಯಕತೆಯೇ ಬೀಳದು.