ಮ್ಯಾನೇಜರ್ ನೇಮಕ: ಗ್ಯಾಲರಿಯ ಮಾತಿಗೂ ಬೆಲೆ ಇರಲಿ

2021ರ ಜೂನ್ 30ರಂದು ಇಂಗ್ಲೆಂಡಿನ ಎವರ್ಟನ್ ಫುಟ್‌ಬಾಲ್ ಕ್ಲಬ್ ತನ್ನ ಹೊಸ ಮ್ಯಾನೇಜರ್ ಹೆಸರನ್ನು ಪ್ರಕಟಿಸಿತು: ರಫಾಯೆಲ್ ಬೆನಿಟೆಜ್. ಅರ್ಹತೆಯ ಮಾತೆತ್ತಿದರೆ ತಕರಾರಿಗೆ ಜಾಗವೇ ಇರಲಿಲ್ಲ. ಸ್ಪೇನಿನ ವೆಲೆನ್ಸಿಯಾಕ್ಕೆ ಎರಡು ಸಲ ಲೀಗ್ ಪ್ರಶಸ್ತಿ ಗೆದ್ದುಕೊಟ್ಟವರು ಅವರು. 2005ರಲ್ಲಿ ಇಸ್ತಾಂಬುಲ್‌ನಲ್ಲಿ ಎ.ಸಿ. ಮಿಲಾನ್ ಎದುರು ವಿರಾಮದ ಹೊತ್ತಿಗೆ 0–3ರಿಂದ ಹಿಂದಿದ್ದ ತಂಡವನ್ನು ಎಬ್ಬಿಸಿ ನಿಲ್ಲಿಸಿ ಚಾಂಪಿಯನ್ಸ್ ಲೀಗ್ ಗೆಲ್ಲಿಸಿದವರು. ತೊಡಕಾಗಿದ್ದು ಆ ತಂಡದ ಹೆಸರು. ಅದು ಲಿವರ್‌ಪೂಲ್.

ಎವರ್ಟನ್‌ನ ಅಂದಿನ ತವರು ಗುಡಿಸನ್ ಪಾರ್ಕ್‌ಗೂ ಲಿವರ್‌ಪೂಲ್‌ನ ಆನ್‌ಫೀಲ್ಡ್‌ಗೂ ನಡುವೆ ಇರುವುದು ಒಂದು ಉದ್ಯಾನ ಮಾತ್ರ. ಒಂದೇ ಮನೆಯಲ್ಲಿ ಅಣ್ಣ ಕೆಂಪು ಅಂಗಿ, ತಮ್ಮ ನೀಲಿ ಅಂಗಿ ತೊಡುವ ನಗರ ಅದು. 2007ರ ಫೆಬ್ರುವರಿಯಲ್ಲಿ ಎರಡೂ ತಂಡಗಳ ಪಂದ್ಯ ಗೋಲಿಲ್ಲದೆ ಮುಗಿದಾಗ, ಲಿವರ್‌ಪೂಲ್ ಮ್ಯಾನೇಜರ್ ಆಗಿದ್ದ ಬೆನಿಟೆಜ್ ಎವರ್ಟನ್ ಚಿಕ್ಕ ಕ್ಲಬ್ ಎಂಬರ್ಥದ ಮಾತಾಡಿದ್ದರು. ಹದಿನಾಲ್ಕು ವರ್ಷ ಕಳೆದರೂ ನೀಲಿ ಅಂಗಿಯವರು ಅದನ್ನು ಮರೆತಿರಲಿಲ್ಲ. ನೇಮಕಕ್ಕೆ ಮೊದಲೇ ಗುಡಿಸನ್ ಪಾರ್ಕ್ ಬಳಿ ವಿರೋಧದ ಬ್ಯಾನರ್‌ಗಳು ಕಾಣಿಸಿಕೊಂಡವು. ಅವರ ಮನೆಯಿದ್ದ ಪ್ರದೇಶದಲ್ಲಿ ‘ನಿನ್ನ ಮನೆ ಎಲ್ಲಿದೆ ಗೊತ್ತು, ಸಹಿ ಹಾಕಬೇಡ’ ಎಂಬರ್ಥದ ಬ್ಯಾನರ್ ಕೂಡ ತೂಗಾಡಿತು. ಇದು ಅಭಿಮಾನವಲ್ಲ, ಬೆದರಿಕೆ. ಅದನ್ನು ಯಾವ ಕ್ಲಬ್ಬೂ ಯಾವ ಅಭಿಮಾನಿ ಬಳಗವೂ ಸಹಿಸಬಾರದು. ಆದರೆ ಆ ಒಂದು ಬ್ಯಾನರನ್ನು ಮುಂದಿಟ್ಟುಕೊಂಡು ಉಳಿದ ಸಾವಿರಾರು ಜನರ ಆಕ್ಷೇಪವನ್ನು ತಳ್ಳಿಹಾಕಿದ್ದೂ ತಪ್ಪೇ.

ಆರಂಭ ಚೆನ್ನಾಗಿಯೇ ಇತ್ತು. ಮೊದಲ ಆರು ಲೀಗ್ ಪಂದ್ಯಗಳಲ್ಲಿ ನಾಲ್ಕು ಗೆಲುವು. ಗೆದ್ದಷ್ಟು ದಿನ ಗ್ಯಾಲರಿ ಸುಮ್ಮನಿತ್ತು. ಪ್ರಮುಖ ಆಟಗಾರರು ಗಾಯಗೊಂಡು ಸೋಲು ಶುರುವಾದಾಗ ಬೆನಿಟೆಜ್ ಅವರ ಬೆನ್ನಿಗೆ ನಿಲ್ಲಲು ಯಾರೂ ಇರಲಿಲ್ಲ. ಬೇರೆ ಮ್ಯಾನೇಜರ್ ಆಗಿದ್ದರೆ ‘ಸ್ವಲ್ಪ ಸಮಯ ಕೊಡೋಣ’ ಎನ್ನುತ್ತಿದ್ದ ಜನ ಇವರ ಪಾಲಿಗೆ ಆ ಮಾತು ಆಡಲಿಲ್ಲ. ಡಿಸೆಂಬರ್ 1ರಂದು ತವರಿನಲ್ಲೇ ಲಿವರ್‌ಪೂಲ್ ಕೈಯಲ್ಲಿ 1–4ರ ಸೋಲು. ಐದು ದಿನಗಳ ಬಳಿಕ ಆರ್ಸೆನಲ್ ಎದುರಿನ ಪಂದ್ಯದ 27ನೇ ನಿಮಿಷಕ್ಕೆ ಕೆಲವರು ಎದ್ದು ಹೊರನಡೆದರು. 1995ರ ಎಫ್‌.ಎ. ಕಪ್ ನಂತರ ದೊಡ್ಡ ಪ್ರಶಸ್ತಿ ಕಾಣದ ಕ್ಲಬ್‌ನ ಆಡಳಿತದ ವಿರುದ್ಧದ ಪ್ರತಿಭಟನೆ ಅದು. 2022ರ ಜನವರಿ 16ರಂದು, ನಾರ್ವಿಚ್ ಎದುರು ಸೋತ ಮರುದಿನ, ಬೆನಿಟೆಜ್ ತಲೆದಂಡವಾಯಿತು.

ಅಭಿಮಾನಿಗಳಿಗೆ ಜೂನ್‌ನಲ್ಲೇ ಗೊತ್ತಿದ್ದ ಸಂಗತಿಯನ್ನು ತಿಳಿಯಲು ಆಡಳಿತ ಮಂಡಳಿಗೆ ಜನವರಿಯವರೆಗೆ ಸಮಯ ಬೇಕಾಯಿತು.

ಹೊಸ ಮ್ಯಾನೇಜರ್ ಹೆಸರು ಕೇಳಿಬಂದಾಗಲೆಲ್ಲ ಗ್ಯಾಲರಿಯಲ್ಲಿ ಏಳುವ ‘ಬೇಡ’ ಎಂಬ ಕೂಗಿನಲ್ಲಿ ಎರಡು ಬಗೆಯಿದೆ. ‘ಈತನಿಗೆ ಕೆಲಸ ಬರುವುದಿಲ್ಲ’ ಎಂಬುದು ಒಂದು. ‘ಈತ ನಮ್ಮವನಾಗಲಾರ’ ಎಂಬುದು ಇನ್ನೊಂದು. ಕ್ಲಬ್ ಮಾಲೀಕರು ಇವೆರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ, ಅಲ್ಲೇ ಎಡವುತ್ತಾರೆ. ಮೊದಲನೆಯ ಮಾತಿನಲ್ಲಿ ಅಭಿಮಾನಿಗಳ ಅಂದಾಜು ತಪ್ಪಿದ್ದು ಬಹಳ ಸಲ. ಎರಡನೆಯದರಲ್ಲಿ ತಪ್ಪಿದ್ದು ಕಡಿಮೆ.

ಅಂದಾಜು ತಪ್ಪಿದ್ದಕ್ಕೆ ಲೆಸ್ಟರ್ ಸಿಟಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 2015ರ ಜುಲೈನಲ್ಲಿ ಕ್ಲಾಡಿಯೊ ರಾನಿಯೇರಿ ಅಲ್ಲಿಗೆ ಬಂದಾಗ ಊರೇ ಮೂಗು ಮುರಿದಿತ್ತು. ಕೆಲವೇ ತಿಂಗಳ ಹಿಂದೆ ಗ್ರೀಸ್ ರಾಷ್ಟ್ರೀಯ ತಂಡದ ಕೋಚ್ ಆಗಿ, ಅರ್ಧ ಲಕ್ಷದ ಆಸುಪಾಸಿನ ಜನಸಂಖ್ಯೆಯ ಫೆರೋ ದ್ವೀಪಗಳ ಎದುರು ತವರಿನಲ್ಲಿ ಸೋತು ಹುದ್ದೆ ಕಳೆದುಕೊಂಡಿದ್ದವರು ಅವರು. ಲೆಸ್ಟರ್‌ನಲ್ಲೇ ಹುಟ್ಟಿ, ಅದೇ ಕ್ಲಬ್‌ಗೆ ಆಡಿ ಬೆಳೆದ ಗ್ಯಾರಿ ಲಿನೇಕರ್ ಕೂಡ ಅಚ್ಚರಿ, ಅಸಮಾಧಾನ ಎರಡನ್ನೂ ಬಹಿರಂಗವಾಗಿ ತೋಡಿಕೊಂಡರು. ಲೆಸ್ಟರ್ ಚಾಂಪಿಯನ್ ಆಗುತ್ತದೆ ಎಂದು ಒಂದು ಪೌಂಡ್ ಕಟ್ಟಿದರೆ 5,000 ಪೌಂಡ್ ಕೊಡುತ್ತೇವೆ ಎಂದಿದ್ದರು ಬಾಜಿಗಾರರು. 2016ರ ಮೇ ತಿಂಗಳಲ್ಲಿ ಲೆಸ್ಟರ್ ಹತ್ತು ಅಂಕಗಳ ಅಂತರದಿಂದ ಇಂಗ್ಲೆಂಡಿನ ಚಾಂಪಿಯನ್ ಆಯಿತು. ರಾನಿಯೇರಿ ಆ ಊರಿನ ಕಣ್ಮಣಿಯಾದರು.

ಆರ್ಸೆನಲ್ ಕೂಡ ಇದನ್ನು ಕಂಡಿದೆ. 1996ರಲ್ಲಿ ಜಪಾನಿನ ನಗೋಯಾ ಕ್ಲಬ್‌ನಿಂದ ಆರ್ಸೆನ್ ವೆಂಗರ್ ಬಂದಾಗ, ಈತ ಯಾರು ಎಂದೇ ಲಂಡನ್ನಿನ ಪತ್ರಿಕೆ ಶೀರ್ಷಿಕೆ ಕೊಟ್ಟಿತ್ತು. ಎರಡೇ ವರ್ಷದೊಳಗೆ ಅವರು ಲೀಗ್ ಮತ್ತು ಎಫ್‌.ಎ. ಕಪ್ ಎರಡನ್ನೂ ಗೆದ್ದರು. 2003–04ರಲ್ಲಿ ಇಡೀ ಲೀಗ್‌ನಲ್ಲಿ ಒಂದೂ ಪಂದ್ಯ ಸೋಲಲಿಲ್ಲ. ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳು 1989ರ ಡಿಸೆಂಬರ್‌ನಲ್ಲಿ ಅಲೆಕ್ಸ್ ಫರ್ಗ್ಯುಸನ್ ಅವರಿಗೆ ವಿದಾಯ ಹೇಳುವ ಬ್ಯಾನರ್ ಎತ್ತಿದ್ದರು. ಮರುವರ್ಷ ಅವರ ಮೊದಲ ಎಫ್‌.ಎ. ಕಪ್ ಬಂತು. ಮುಂದೆ 2013ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅವರು ಯುನೈಟೆಡ್‌ಗೆ 13 ಲೀಗ್ ಪ್ರಶಸ್ತಿಗಳನ್ನು ಗೆದ್ದುಕೊಟ್ಟಿದ್ದರು. ತರಬೇತಿಯ ಅಂಗಳದಲ್ಲಿ ನಡೆಯುವುದು ಗ್ಯಾಲರಿಯಲ್ಲಿ ಕೂತವರಿಗೆ ಕಾಣುವುದಿಲ್ಲ. ಒಬ್ಬ ಕೋಚ್ ಆಟಗಾರರ ಊಟ, ನಿದ್ದೆ, ಓಟ, ಜಾಗ ಹಿಡಿಯುವ ಬಗೆ ಇವನ್ನೆಲ್ಲ ಹೇಗೆ ತಿದ್ದುತ್ತಾರೆ ಎಂಬುದನ್ನು ಹೊರಗಿನಿಂದ ಅಳೆಯಲು ಬರುವುದಿಲ್ಲ. ಈ ವಿಚಾರದಲ್ಲಿ ಅಭಿಮಾನಿಗಳು ತಾಳ್ಮೆ ತೋರಬೇಕು. ಕ್ಲಬ್ ತನ್ನ ಆಯ್ಕೆಗೆ ಅಂಟಿಕೊಂಡು ನಿಲ್ಲಬೇಕು.

ಎರಡನೆಯ ಬಗೆಯ ‘ಬೇಡ’ ಹಾಗಲ್ಲ. 2011ರಲ್ಲಿ ಆಸ್ಟನ್ ವಿಲ್ಲಾ, ಅದೇ ನಗರದ ಬದ್ಧ ಎದುರಾಳಿ ಬರ್ಮಿಂಗ್‌ಹ್ಯಾಮ್ ಸಿಟಿಯಿಂದ ಅಲೆಕ್ಸ್ ಮೆಕ್ಲೀಷ್ ಅವರನ್ನು ಕರೆತಂದಿತು. ಆ ವರ್ಷವಷ್ಟೇ ಬರ್ಮಿಂಗ್‌ಹ್ಯಾಮ್‌ಗೆ ಲೀಗ್ ಕಪ್ ಗೆದ್ದುಕೊಟ್ಟು, ಅದೇ ಋತುವಿನಲ್ಲಿ ಕೆಳದರ್ಜೆಗೆ ಜಾರುವುದನ್ನೂ ಕಂಡಿದ್ದರು ಅವರು. ವಿಲ್ಲಾ ಪಾರ್ಕ್ ಮುಂದೆ ಜನ ಸೇರಿ ಪ್ರತಿಭಟಿಸಿದರು, ಮಾಲೀಕರು ಕಿವಿಗೊಡಲಿಲ್ಲ. ವಿಲ್ಲಾ 38 ಪಂದ್ಯಗಳಲ್ಲಿ ಏಳನ್ನಷ್ಟೇ ಗೆದ್ದು 16ನೇ ಸ್ಥಾನಕ್ಕೆ ಕುಸಿಯಿತು. ವರ್ಷ ತುಂಬುವ ಮೊದಲೇ ಮೆಕ್ಲೀಷ್ ಹೊರಬಿದ್ದರು.

ಗೆಲುವು ಎಲ್ಲವನ್ನೂ ಸರಿಮಾಡುತ್ತದೆ ಎನ್ನುವವರು ಚೆಲ್ಸಿಯ ಕಡೆ ನೋಡಬೇಕು. ಅಲ್ಲಿಯೂ ಇದ್ದದ್ದು ಬೆನಿಟೆಜ್ ಅವರೇ. ಕ್ಲಬ್‌ಗೆ ಮೊದಲ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟ ರಾಬರ್ಟೊ ಡಿ ಮ್ಯಾಟಿಯೊ ಅವರನ್ನು ಆರೇ ತಿಂಗಳಲ್ಲಿ, 2012ರ ನವೆಂಬರ್‌ನಲ್ಲಿ, ಕೈಬಿಟ್ಟು ಬೆನಿಟೆಜ್ ಅವರನ್ನು ತಾತ್ಕಾಲಿಕವಾಗಿ ಕೂರಿಸಲಾಯಿತು. ಲಿವರ್‌ಪೂಲ್‌ನಲ್ಲಿದ್ದಾಗ ಚೆಲ್ಸಿಯನ್ನು ಕೆಣಕಿದ್ದವರನ್ನು ಗ್ಯಾಲರಿ ಮೊದಲ ಪಂದ್ಯದಲ್ಲೇ ಕೂಗಿ ಹಂಗಿಸಿತು. ಡಿ ಮ್ಯಾಟಿಯೊ ಆಟಗಾರನಾಗಿ ತೊಡುತ್ತಿದ್ದ ಅಂಗಿಯ ಸಂಖ್ಯೆ 16. ಪಂದ್ಯದ 16ನೇ ನಿಮಿಷ ಬರುತ್ತಲೇ ಚಪ್ಪಾಳೆ ಮೊಳಗುತ್ತಿತ್ತು. ಬೆನಿಟೆಜ್ ತಂಡವನ್ನು ಲೀಗ್‌ನಲ್ಲಿ ಮೂರನೆಯ ಸ್ಥಾನಕ್ಕೆ ತಂದರು, 2013ರ ಮೇ ತಿಂಗಳಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬೆನ್ಫಿಕಾವನ್ನು ಮಣಿಸಿ ಯುರೋಪಾ ಲೀಗ್ ಗೆದ್ದರು. ಅಷ್ಟಾದರೂ ಅವರು ಅಲ್ಲಿ ಪರಕೀಯರಾಗಿಯೇ ಉಳಿದರು. ಇಷ್ಟು ಬಲ್ಲ ಕೋಚ್ ಒಬ್ಬರಿಗೆ ಎರಡು ಕ್ಲಬ್‌ಗಳಲ್ಲಿ ಹೀಗಾದದ್ದು ನ್ಯಾಯವಲ್ಲ. ಆ ಅನ್ಯಾಯದ ಹೊಣೆಯ ಬಹುಪಾಲು, ಅವರನ್ನು ಅಂಥ ಜಾಗಕ್ಕೆ ತಂದು ನಿಲ್ಲಿಸಿದವರದು.

ನಮ್ಮವನಾಗಲಾರ ಎನ್ನುವುದಕ್ಕೆ ಹಳೆಯ ಹಗೆತನವೇ ಕಾರಣವಾಗಬೇಕಿಲ್ಲ. 2013ರ ವಸಂತದಲ್ಲಿ ಸಂಡರ್‌ಲ್ಯಾಂಡ್ ಕ್ಲಬ್ ಪಾವೊಲೊ ಡಿ ಕ್ಯಾನಿಯೊ ಅವರನ್ನು ನೇಮಿಸಿದಾಗ ಎದ್ದ ಪ್ರಶ್ನೆ ಫ್ಯಾಸಿಸಂ ಕುರಿತು ಅವರು ಹಿಂದೆ ಆಡಿದ್ದ ಮಾತುಗಳದು. ಬ್ರಿಟನ್ನಿನ ಮಾಜಿ ವಿದೇಶಾಂಗ ಸಚಿವ ಡೇವಿಡ್ ಮಿಲಿಬ್ಯಾಂಡ್ ಕ್ಲಬ್‌ನ ಆಡಳಿತ ಮಂಡಳಿಗೆ ರಾಜೀನಾಮೆ ಕೊಟ್ಟರು. ಕಲ್ಲಿದ್ದಲ ಗಣಿ ಇದ್ದ ನೆಲದಲ್ಲೇ ಕ್ಲಬ್‌ನ ಕ್ರೀಡಾಂಗಣ ನಿಂತಿದೆ. ಡರ್ಹಮ್ ಗಣಿ ಕಾರ್ಮಿಕರ ಸಂಘ ಅಲ್ಲಿದ್ದ ತನ್ನ ಬಾವುಟವನ್ನು ಹಿಂದಿರುಗಿಸಿ ಎಂದು ಕೇಳಿತು. ಡಿ ಕ್ಯಾನಿಯೊ ನೆರೆಯ ನ್ಯೂಕ್ಯಾಸಲ್ ಅನ್ನು ಅವರ ಅಂಗಳದಲ್ಲೇ 3–0ಯಿಂದ ಸೋಲಿಸಿದರು, ತಂಡವನ್ನು ಕೆಳದರ್ಜೆಗೆ ಬೀಳದಂತೆ ಉಳಿಸಿದರು. ಸೆಪ್ಟೆಂಬರ್‌ನಲ್ಲಿ ಹುದ್ದೆ ಹೋಯಿತು. 2021ರ ಜೂನ್‌ನಲ್ಲಿ ಟಾಟನ್‌ಹ್ಯಾಮ್ ಇದರಿಂದ ಪಾಠ ಕಲಿತಂತೆ ನಡೆದುಕೊಂಡಿತು. ಜೆನ್ನಾರೊ ಗಟೂಸೊ ಜೊತೆ ಮಾತುಕತೆ ನಡೆದಿದೆ ಎಂಬ ಸುದ್ದಿ ಹಬ್ಬಿದ ಕೂಡಲೇ, ಮಹಿಳೆಯರ ಬಗ್ಗೆ, ಸಲಿಂಗ ವಿವಾಹದ ಬಗ್ಗೆ ಅವರು ಹಿಂದೆ ಆಡಿದ್ದ ಮಾತುಗಳನ್ನು ಅಭಿಮಾನಿಗಳು ಎತ್ತಿ ತೋರಿಸಿದರು. ಮಾತುಕತೆ ಅಲ್ಲಿಗೇ ನಿಂತಿತು. ಸೂಪರ್ ಲೀಗ್ ಎಂಬ ಶ್ರೀಮಂತರ ಕೂಟಕ್ಕೆ ಸೇರಲು ಹೊರಟು, ಜನರ ಸಿಟ್ಟಿಗೆ ಹೆದರಿ ಆ ಕ್ಲಬ್ ಹಿಂದೆ ಸರಿದು ಎರಡು ತಿಂಗಳಷ್ಟೇ ಆಗಿತ್ತು.

ಹಾಗಾದರೆ ಮ್ಯಾನೇಜರನ್ನು ಅಭಿಮಾನಿಗಳೇ ಆರಿಸಲಿ ಎನ್ನಬೇಕೇ? ಅದೂ ಬೇಡ. ಬೆನಿಟೆಜ್ ಹೋದ ಮೇಲೆ ಎವರ್ಟನ್ ವಿಟೊರ್ ಪೆರೇರಾ ಅವರತ್ತ ಒಲವು ತೋರಿದಾಗ, ಪೆರೇರಾ ಬೇಡ, ಲ್ಯಾಂಪಾರ್ಡ್ ಬೇಕು ಎಂದು ಗುಡಿಸನ್ ಗೋಡೆಯ ಮೇಲೆ ಬರೆಯಲಾಯಿತು. ಜನವರಿ 31ರಂದು ಫ್ರಾಂಕ್ ಲ್ಯಾಂಪಾರ್ಡ್ ಬಂದರು. ಮೇ ತಿಂಗಳಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಎದುರು 0–2ರಿಂದ ಹಿಂದಿದ್ದ ತಂಡ 3–2ರಿಂದ ಗೆದ್ದು ಮೇಲ್ದರ್ಜೆಯಲ್ಲಿ ಉಳಿದುಕೊಂಡ ರಾತ್ರಿ, ಜನ ಮತ್ತು ತಂಡ ಒಂದಾದರೆ ಏನಾಗುತ್ತದೆ ಎಂಬುದನ್ನು ಆ ನಗರ ಕಂಡಿತು. ಆದರೆ ಮರುವರ್ಷದ ಜನವರಿಗೆ ಎವರ್ಟನ್ ಮತ್ತೆ ಅಂಕಪಟ್ಟಿಯ ತಳಭಾಗದಲ್ಲಿತ್ತು, ಲ್ಯಾಂಪಾರ್ಡ್ ಕೂಡ ಹೋದರು. ಪ್ರೀತಿಪಾತ್ರರಾದವರೆಲ್ಲ ಸಮರ್ಥ ಕೋಚ್ ಆಗಬೇಕೆಂದಿಲ್ಲ. ಯಾರು ಬೇಡ ಎಂಬುದನ್ನು ಗ್ಯಾಲರಿ ಚೆನ್ನಾಗಿ ಬಲ್ಲದು. ಯಾರು ಬೇಕು ಎಂಬುದನ್ನು ಕಂಡುಹಿಡಿಯುವುದು ಕ್ಲಬ್‌ನ ಕೆಲಸ.

ಸ್ಪೇನಿನ ಬಾರ್ಸಿಲೋನಾದಲ್ಲಿ ಕ್ಲಬ್ ಅಧ್ಯಕ್ಷರನ್ನು ಸದಸ್ಯರೇ ಮತ ಹಾಕಿ ಆರಿಸುತ್ತಾರೆ. 2021ರ ಚುನಾವಣೆಯಲ್ಲಿ ವಿಕ್ಟರ್ ಫಾಂಟ್, ಕ್ಲಬ್‌ನ ಹಳೆಯ ಹುಲಿ ಷಾವಿ ಅವರನ್ನು ತರುವ ಯೋಜನೆ ಮುಂದಿಟ್ಟು ಮತ ಕೇಳಿದರು, ಸೋತರು. ಗೆದ್ದ ಜೋನ್ ಲಾಪೋರ್ಟಾ ಅದೇ ನವೆಂಬರ್‌ನಲ್ಲಿ ಷಾವಿ ಅವರನ್ನೇ ಕರೆತಂದರು. ಜರ್ಮನಿಯ ಬಹುತೇಕ ಕ್ಲಬ್‌ಗಳಲ್ಲಿ ಮತದಾನದ ಬಹುಮತ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಅಲ್ಲಿಯೂ ಕೋಚ್ ಆಯ್ಕೆ ಕ್ರೀಡಾ ನಿರ್ದೇಶಕರದು. ಆದರೆ ಆ ನಿರ್ದೇಶಕರನ್ನು ನೇಮಿಸಿದವರು ಸದಸ್ಯರಿಗೆ ಉತ್ತರ ಕೊಡಬೇಕು. ಇಂಗ್ಲೆಂಡಿನಲ್ಲಿ 2025ರಲ್ಲಿ ಬಂದ ಫುಟ್‌ಬಾಲ್ ಆಡಳಿತ ಕಾಯ್ದೆ, ಲಾಂಛನ ಮತ್ತು ತವರು ಅಂಗಿಯ ಬಣ್ಣದಂಥ ಪರಂಪರೆಯ ವಿಷಯಗಳಲ್ಲಿ ಅಭಿಮಾನಿಗಳ ಮಾತು ಕೇಳಲೇಬೇಕು ಎನ್ನುತ್ತದೆ. ಅಂಗಿಯ ಬಣ್ಣಕ್ಕೆ ಸಿಕ್ಕ ಈ ಗೌರವ, ಆ ಅಂಗಿ ತೊಟ್ಟ ತಂಡವನ್ನು ನಡೆಸುವವರ ವಿಷಯದಲ್ಲೂ ಒಂದಿಷ್ಟು ಸಿಗಬೇಕು.

ಬೆಂಗಳೂರಿಗೂ ಈ ಮಾತು ಹತ್ತಿರದ್ದೇ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌.ಸಿ., ಆಶ್ಲಿ ವೆಸ್ಟ್‌ವುಡ್ ಅವರ ಕೈಕೆಳಗೆ ಕಾಲಿಟ್ಟ ವರ್ಷವೇ ಐ-ಲೀಗ್ ಗೆದ್ದಿತು. ಆಲ್ಬರ್ಟ್ ರೋಕಾ 2016ರಲ್ಲಿ ತಂಡವನ್ನು ಎ.ಎಫ್‌.ಸಿ. ಕಪ್ ಫೈನಲ್‌ಗೆ ಕೊಂಡೊಯ್ದರು. ಕಂಠೀರವದಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3–1ರಿಂದ ಮಣಿಸಿದ ಆ ಸೆಮಿಫೈನಲ್ ಗೆಲುವು ಭಾರತದ ಯಾವ ಕ್ಲಬ್ಬಿಗೂ ಅದುವರೆಗೆ ದಕ್ಕದ ಎತ್ತರ. ರೋಕಾ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ 2019ರಲ್ಲಿ ಐ.ಎಸ್‌.ಎಲ್. ಗೆದ್ದುಕೊಟ್ಟರು. 2021ರ ಜನವರಿಯಲ್ಲಿ ಅವರು ಹೊರಟ ಮೇಲೆ ಮೂರು ವರ್ಷದೊಳಗೆ ನೌಷಾದ್ ಮೂಸಾ ತಾತ್ಕಾಲಿಕವಾಗಿ, ನಂತರ ಜರ್ಮನಿಯ ಮಾರ್ಕೊ ಪೆಟ್ಸಾಯುವೊಲಿ, ಇಂಗ್ಲೆಂಡಿನ ಸೈಮನ್ ಗ್ರೇಸನ್, ಸ್ಪೇನಿನ ಜೆರಾರ್ಡ್ ಸರಗೋಸಾ ಹೀಗೆ ಒಬ್ಬರ ಹಿಂದೊಬ್ಬರು ಬಂದರು. ಗ್ರೇಸನ್ 2022ರ ಡುರಾಂಡ್ ಕಪ್ ಗೆದ್ದರು, ಐ.ಎಸ್‌.ಎಲ್. ಫೈನಲ್‌ನಲ್ಲಿ ಪೆನಾಲ್ಟಿಗಳಲ್ಲಿ ಸೋತರು. 2023ರ ಡಿಸೆಂಬರ್‌ನಲ್ಲಿ ಮುಂಬೈ ಸಿಟಿ ಎದುರು ಕಂಠೀರವದಲ್ಲೇ 0–4ರಿಂದ ಸೋತ ಬೆನ್ನಿಗೇ ಅವರನ್ನು ಕೈಬಿಡಲಾಯಿತು.

ಇವರಲ್ಲಿ ಯಾರೂ ಬೆಂಗಳೂರಿಗೆ ಹಗೆಗಳಲ್ಲ. ಇಲ್ಲಿ ಅಭಿಮಾನಿಗಳು ಕೇಳಬೇಕಾದ ಪ್ರಶ್ನೆ ಬೇರೆ: ಈ ತಂಡದ ಆಟ ಯಾವುದು? ರೋಕಾ, ಕ್ವಾಡ್ರಾಟ್ ಕಾಲದಲ್ಲಿ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಹಿಂದಿನಿಂದ ಕಟ್ಟಿ ಬರುವ ಆಟವನ್ನು ನೋಡಿ ಬೆಳೆದ ಗ್ಯಾಲರಿಗೆ, ಮುಂದಿನ ಕೋಚ್ ಅದನ್ನು ಮುಂದುವರಿಸುತ್ತಾರೋ ಬದಲಿಸುತ್ತಾರೋ ಎಂದು ತಿಳಿಯುವ ಹಕ್ಕಿದೆ. ಯಾಕೆಂದರೆ ಕೋಚ್ ಬದಲಾದಾಗಲೆಲ್ಲ ಆಟಗಾರರೂ ಬದಲಾಗುತ್ತಾರೆ. ಹಳೆಯವರ ಆಟಕ್ಕೆಂದು ಕೊಂಡವರು ಹೊಸಬರ ಆಟಕ್ಕೆ ಒಗ್ಗುವುದಿಲ್ಲ. ಹೊಸ ತಂಡ ಕುದುರಲು ಇನ್ನೊಂದು ವರ್ಷ ಬೇಕು, ಅಷ್ಟರಲ್ಲಿ ಸೋಲು, ಮತ್ತೆ ಹೊಸ ಕೋಚ್. ಸರಗೋಸಾ ಕೈಕೆಳಗೆ ಮೊದಲ ವರ್ಷ ಹತ್ತನೆಯ ಸ್ಥಾನದಲ್ಲಿದ್ದ ತಂಡ ಮರುವರ್ಷ, 2025ರ ಏಪ್ರಿಲ್‌ನಲ್ಲಿ, ಐ.ಎಸ್‌.ಎಲ್. ಫೈನಲ್ ಆಡಿ ಹೆಚ್ಚುವರಿ ಸಮಯದಲ್ಲಿ ಮೋಹನ್ ಬಗಾನ್‌ಗೆ ಮಣಿಯಿತು. ಹತ್ತನೆಯ ಸ್ಥಾನದಲ್ಲೇ ಅವರನ್ನು ಕಳಿಸಿಬಿಟ್ಟಿದ್ದರೆ ಆ ಫೈನಲ್ಲಿನ ದಾರಿ ಇನ್ನಷ್ಟು ದೂರವಾಗುತ್ತಿತ್ತು.

ಕ್ಲಬ್ ಹುಟ್ಟಿದಾಗಿನಿಂದ ಡ್ರಮ್ಮು, ಹಾಡು, ಬಾವುಟ ಹಿಡಿದು ಜೊತೆಗಿರುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಬಳಗ ಇದೆ. ಮುಂದಿನ ಸಲ ಕೋಚ್ ಬದಲಾಗುವಾಗ ಕ್ಲಬ್ ಈ ಬಳಗದ ಪ್ರತಿನಿಧಿಗಳನ್ನು, ಸೀಸನ್ ಟಿಕೆಟ್ ಕೊಂಡು ಮೈದಾನಕ್ಕೆ ಬರುವ ಸಾಮಾನ್ಯರನ್ನು ಪ್ರಕಟಣೆಗೆ ಮೊದಲೇ ಕೂರಿಸಿ ಮಾತಾಡಲಿ. ಹೆಸರುಗಳನ್ನು ಬಿಚ್ಚಿಡಬೇಕಿಲ್ಲ, ಆ ಗುಟ್ಟು ಯಾಕೆ ಬೇಕೆಂದು ಎಲ್ಲರಿಗೂ ಅರ್ಥವಾಗುತ್ತದೆ. ಎಂಥ ಆಟ ಆಡುವ ಯೋಚನೆಯಿದೆ, ಅಕಾಡೆಮಿಯ ಹುಡುಗರಿಗೆ ಎಷ್ಟು ಅವಕಾಶ ಸಿಗುತ್ತದೆ, ಹೊಸಬರಿಗೆ ಎಷ್ಟು ಕಾಲ ಕೊಡುತ್ತೇವೆ ಎಂಬ ಮೂರು ಮಾತುಗಳನ್ನು ಹೇಳಲಿ. ಅಭಿಮಾನಿಗಳು ತಮ್ಮ ಆಕ್ಷೇಪಗಳನ್ನು ಅಲ್ಲೇ ಮುಖಾಮುಖಿ ಇಡಲಿ. ಕೋಚ್ ಬಂದ ಮೇಲೆ ಅದೇ ಮೂರು ಮಾತುಗಳನ್ನು ಪತ್ರಿಕಾಗೋಷ್ಠಿಯಲ್ಲಿ ಬರವಣಿಗೆಯಲ್ಲಿ ಕೊಡಲಿ, ಕನ್ನಡದಲ್ಲೂ ಕೊಡಲಿ. ಋತು ಮುಗಿದಾಗ ಅದನ್ನೇ ಮುಂದಿಟ್ಟುಕೊಂಡು ಇಬ್ಬರೂ ಮತ್ತೆ ಲೆಕ್ಕ ಹಾಕಬಹುದು.