ಮೂಲೆಯಲ್ಲಿ ನಿಂತ ಟೀಚರು

ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು ನಾನು. ನಿವೃತ್ತಿಯ ನಂತರ ಜಪಾನಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಮನೆಯವರು ಬಂದು ಪಾಠ ನೋಡಲೆಂದೇ ಅಲ್ಲಿನ ಶಾಲೆಗಳಲ್ಲಿ ಒಂದು ದಿನ ಇಡುತ್ತಾರೆ. ಮೊಮ್ಮಗಳ ಇಂಗ್ಲಿಷ್ ಪಾಠ ನೋಡಲು ಮಗಳ ಜೊತೆ ನಾನೂ ಹೊರಟೆ.

ಒಂದೇ ತರಗತಿಗೆ ಇಬ್ಬರು ಶಿಕ್ಷಕರು. ಒಬ್ಬ, ಇಂಗ್ಲಿಷೇ ಮನೆಮಾತಾದ ವಿದೇಶಿ ಹುಡುಗ. ಇನ್ನೊಬ್ಬರು ನಡುವಯಸ್ಸಿನ ಜಪಾನಿ ಶಿಕ್ಷಕಿ. ಆತ ಓದುತ್ತಿದ್ದ, ಮಕ್ಕಳು ಹಿಂದಿನಿಂದ ಹೇಳುತ್ತಿದ್ದರು. ಆಕೆ ಮೂಲೆಯಲ್ಲಿ ನಿಂತು ಅವನ ಮಾತನ್ನು ಜಪಾನಿಗೆ ತಿರುಗಿಸುತ್ತಿದ್ದರು. ಪೋಷಕರ ಕಣ್ಣೆಲ್ಲ ಅವನ ಮೇಲೆ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಆತ ಬಂದಿದ್ದು 'ಜೆಟ್' ಎಂಬ ಸರ್ಕಾರಿ ಯೋಜನೆಯಲ್ಲಿ. 1987ರಲ್ಲಿ ನಾಲ್ಕು ದೇಶಗಳ 848 ಮಂದಿಯಿಂದ ಶುರುವಾದದ್ದು ಅದು. ಪದವಿಯೊಂದಿದ್ದರೆ ಸಾಕು, ಬಿ.ಎಡ್.ನಂಥ ಶಿಕ್ಷಕ ತರಬೇತಿ ಕಡ್ಡಾಯವಲ್ಲ. ಹುದ್ದೆಯ ಹೆಸರೇ 'ಸಹಾಯಕ' ಶಿಕ್ಷಕ. ಆದರೆ ಅಂದು ಸಹಾಯಕಿಯಂತೆ ನಿಂತವರು ಯಾರು, ನೀವೇ ಹೇಳಿ.

ಪಾಠದ ನಡುವೆ ಒಬ್ಬಳು ಹುಡುಗಿ ಕೇಳಿದಳು: ಇಲ್ಲಿ 'ಎ' ಯಾಕೆ, ಅಲ್ಲಿ 'ದ' ಯಾಕೆ? ಹುಡುಗ ತಲೆ ಕೆರೆದುಕೊಂಡ. ನಾವು ಹಾಗೇ ಹೇಳುವುದು ಎಂದುಬಿಟ್ಟ. ಆಗ ಆ ಶಿಕ್ಷಕಿ ಮೂಲೆ ಬಿಟ್ಟು ಬಂದರು. ಅಜ್ಜಿಕಥೆಯಲ್ಲಿ ಮುದುಕ ಮೊದಲ ಸಲ ಬಂದಾಗ ಅವನ ಹೆಸರಿನ ಮುಂದೆ 'ಗ' ಸೇರುತ್ತದೆ, ಪರಿಚಯವಾದ ಮೇಲೆ 'ವ' ಸೇರುತ್ತದೆ, ಹಾಗೆಯೇ ಇದೂ ಎಂದರಂತೆ. ಮಗಳು ಪಿಸುಮಾತಿನಲ್ಲಿ ಇದನ್ನು ಹೇಳಿದಾಗ ನನ್ನ ಕಣ್ಣು ತುಂಬಿತು. ನಾನೂ ಹೀಗೇ ಕಲಿಸಿದವಳು: 'ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಹೆಂಡಿರು.' 'ಒಬ್ಬ' ಎಂದರೆ 'ಎ', 'ಆ' ಎಂದರೆ 'ದ'.

ಹುಡುಗನದು ತಪ್ಪೆನ್ನುತ್ತಿಲ್ಲ. ಉಚ್ಚಾರಣೆಗೆ, ಹೊಸಬರೊಡನೆ ಮಾತಾಡುವ ಧೈರ್ಯಕ್ಕೆ ಅಂಥವರು ಬೇಕು. ಆದರೆ ಹುಟ್ಟಿನಿಂದ ಬಂದ ಭಾಷೆ ಬೇರೆ, ಕಲಿಸುವ ವಿದ್ಯೆ ಬೇರೆ. ಭಾಷೆ ಹುಟ್ಟಿನಿಂದ ಬಂದವರೇ ಒಳ್ಳೆಯ ಶಿಕ್ಷಕರೆಂಬ ನಂಬಿಕೆ ಭ್ರಮೆ ಎಂದು ರಾಬರ್ಟ್ ಫಿಲಿಪ್ಸನ್ 1992ರಷ್ಟು ಹಿಂದೆಯೇ ಬರೆದರು. ಆತ ಸ್ವತಃ ಬ್ರಿಟನ್ನಿನವರು! ಇಬ್ಬರೂ ಮೊದಲೇ ಕೂತು ಪಾಠ ಯೋಜಿಸಲಿ. ಯಾವುದನ್ನು ಯಾಕೆ ಕಲಿಸಬೇಕೆಂದು ಆಕೆ ನಿರ್ಧರಿಸಲಿ. ಮಾತಿಗೆ ಅವನು ಜೊತೆಯಾಗಲಿ. ಸಮಯ ಕೊಡದೆ ಇಬ್ಬರನ್ನು ಒಂದೇ ಕೋಣೆಗೆ ದಬ್ಬಿದರೆ ಒಬ್ಬ ಟೇಪ್ ರೆಕಾರ್ಡರ್, ಒಬ್ಬಳು ದುಭಾಷಿ.

ತವರಿನಲ್ಲೇ ಉಳಿದ ಮಗಳಿಗೆ ಡಬ್ಬಿ ಎಲ್ಲಿದೆಯೆಂದು ಗೊತ್ತು, ಕತ್ತಲಲ್ಲೂ ತೆಗೆಯುತ್ತಾಳೆ. ಆದರೆ ಹೊಸ ಸೊಸೆಗೆ ಒಂದೊಂದನ್ನೂ ತೋರಿಸಿಕೊಡುವವಳು ಹಿಂದೊಮ್ಮೆ ತಾನೂ ತಡಕಾಡಿದ ಹಿರಿಯ ಸೊಸೆ.

ನಮ್ಮೂರಿನ ಶಾಲೆಗೆ ವಿದೇಶಿಯರು ಬರಲಿಲ್ಲ. ಆದರೂ ಆ ಮೂಲೆ ನನಗೆ ಹೊಸದಲ್ಲ. 'ಟೀಚರ್, ನಿಮ್ಮ ಇಂಗ್ಲಿಷಿನಲ್ಲಿ ಕನ್ನಡದ ವಾಸನೆ ಇದೆ' ಎಂದು ತಾಯಂದಿರೇ ನನಗೆ ಹೇಳಿದ್ದುಂಟು. ಆಗ ನಾಚಿ ಸುಮ್ಮನಾಗಿದ್ದೆ. ಇಂದು ಹೇಳುತ್ತೇನೆ: ಇದೆ ಕಣಮ್ಮ. ನಿನ್ನ ಮಗಳು ಎಲ್ಲಿ ಎಡವುತ್ತಾಳೆಂದು ನನಗೆ ಗೊತ್ತಿರುವುದು ಅದರಿಂದಲೇ.